ಲಾಭ ಏರಿದೆ, ಶೇರು ಇಳಿದಿದೆ. ಇದು ಮಾರ್ಕೆಟ್ ಮೂಡಾ, ನಿಜವಾದ ತೊಂದರೆನಾ?

ಗುತ್ತಲದ ಹುಡುಗ, ಹಾವೇರಿ (ಮಾರ್ಚ್ 2025)

ಎಲ್ಲರಿಗೂ ನಮಸ್ಕಾರ. ಹಾವೇರಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಸಂಬಳದಲ್ಲಿ ಉಳಿದದ್ದನ್ನು 2022ರಿಂದ ಶೇರಿಗೆ ಹಾಕುತ್ತಿದ್ದೇನೆ. ಇಂಟ್ರಾಡೇ (ಅದೇ ದಿನ ಕೊಂಡು ಮಾರೋದು) ಇಲ್ಲ, ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಇಲ್ಲ. ಒಳ್ಳೆ ಕಂಪನಿ ಹುಡುಕೋದು, ಅಗ್ಗಕ್ಕೆ ಸಿಕ್ಕಾಗ ಕೊಳ್ಳೋದು, ಸುಮ್ನೆ ಇಟ್ಟುಕೊಳ್ಳೋದು. ಇಷ್ಟೇ ನನ್ನ ಲೆಕ್ಕ.

ಈಗ ಎರಡು ಶೇರು ತಲೆ ತಿನ್ನುತ್ತಿವೆ.

ಒಂದು ಪಂಪ್‌ಸೆಟ್ ಮಾಡುವ ಕಂಪನಿ. ಕಳೆದ ಸೆಪ್ಟೆಂಬರ್‌ನಲ್ಲಿ 840 ರೂಪಾಯಿ ಇತ್ತು. ನವೆಂಬರ್‌ನಲ್ಲಿ 620ಕ್ಕೆ ಬಂದಾಗ ತಗೊಂಡೆ. ಈಗ 480. ಕಂಪನಿಗೆ ಮಾತ್ರ ಏನೂ ಆಗಿಲ್ಲ! ಒಂದು ಶೇರಿಗೆ 12 ರೂಪಾಯಿ ಇದ್ದ ಲಾಭ 13.20 ಆಗಿದೆ, ಆರ್ಡರ್ ತುಂಬಾ ಇದೆ.

ಇನ್ನೊಂದು ಕಾಗದದ ಕಂಪನಿ. 2023ರಲ್ಲಿ 500 ರೂಪಾಯಿ ಇತ್ತು, ಪಿಇ (ದರ ಒಂದು ಶೇರಿನ ಲಾಭದ ಎಷ್ಟು ಪಟ್ಟು ಅನ್ನೋದು) ಬರೀ 5. ಈಗ ದರ 350, ಪಿಇ 12 ತೋರಿಸುತ್ತಿದೆ. ದರ ಇಳಿದರೆ ಪಿಇ ಕೂಡ ಇಳಿಯಬೇಕಲ್ವಾ?

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸೆಪ್ಟೆಂಬರ್‌ನಲ್ಲಿ "ಇಳಿದಾಗೆಲ್ಲ ಕೊಳ್ಳಿ" ಅಂದವರೇ ಈಗ "ಎಲ್ಲಾ ಮಾರಿ ಎಫ್‌ಡಿ ಇಡಿ" ಅನ್ನುತ್ತಿದ್ದಾರೆ. ಮಾರ್ಕೆಟ್‌ಗೆ ಮೂಡ್ ಕೆಟ್ಟಾಗ ಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಕೆಟ್ಟಿರೋದು ಬರೀ ಮೂಡೋ, ಕಂಪನಿಯೋ ಅಂತ ತಿಳಿಯೋದು ಹೇಗೆ? ಅನುಭವಸ್ಥರು ಹೇಳಿ.


ಕೇಶ್ವಾಪುರ ಟ್ರೇಡರ್, ಹುಬ್ಬಳ್ಳಿ

ಬ್ರೋ, ಇಷ್ಟು ತಲೆ ಕೆಡಿಸ್ಕೋಬೇಡ. ಎಲ್ಲಾ ಎಫ್‌ಐಐ, ಅಂದರೆ ವಿದೇಶಿ ಹೂಡಿಕೆ ಸಂಸ್ಥೆಗಳ ಆಟ. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಸುಮಾರು 94 ಸಾವಿರ ಕೋಟಿ ಮಾರಿದ್ದಾರೆ. ಅವರು ವಾಪಸ್ ಬಂದರೆ ನಿನ್ನ ಪಂಪೂ ಏರುತ್ತದೆ, ಕಾಗದವೂ ಏರುತ್ತದೆ. ಅಲ್ಲಿವರೆಗೂ ಚಾರ್ಟ್ ನೋಡು, ಲಾಭ ನೋಡಬೇಡ.


ಪ್ರೆಸ್ ಕಾಕಾ, ಗದಗ

ತಮ್ಮಾ, ನಿನ್ನ ಎರಡು ಶೇರೂ ಇಳಿದಿವೆ. ಆದರೆ ಎರಡರದ್ದೂ ಬೇರೆ ಬೇರೆ ಕಥೆ. ಅದಕ್ಕೇ ನಿನಗೆ ಗೊಂದಲ ಆಗಿರೋದು. ಎಫ್‌ಐಐ ಮಾರಿದ್ದು ನಿಜ. ಆದರೆ ಅದೇ ಅಕ್ಟೋಬರ್‌ನಲ್ಲಿ ನಮ್ಮ ಜನ ಎಸ್‌ಐಪಿಯಲ್ಲಿ (ಮ್ಯೂಚುವಲ್ ಫಂಡಿಗೆ ಕಂತಿನಲ್ಲಿ ಹಾಕೋದು) ಮೊದಲ ಸಲ 25 ಸಾವಿರ ಕೋಟಿಗೂ ಜಾಸ್ತಿ ಹಾಕಿದರು. ಯಾರು ಮಾರಿದರು, ಯಾರು ಕೊಂಡರು ಅನ್ನೋದರಿಂದ ದರ ಯಾಕೆ ಅಲ್ಲಾಡಿತು ಅಂತ ತಿಳಿಯಬಹುದು. ನಿನ್ನ ಶೇರಿನ ಬೆಲೆ ಎಷ್ಟಿರಬೇಕು ಅಂತ ಅದರಿಂದ ತಿಳಿಯೋದಿಲ್ಲ.

ಮೊದಲು ಪಂಪ್.

840 ರೂಪಾಯಿ ಇದ್ದಾಗ ಲಾಭ 12. ಅಂದರೆ ಜನ ಲಾಭದ 70 ಪಟ್ಟು ಕೊಡುತ್ತಿದ್ದರು. ಈಗ 480 ರೂಪಾಯಿಗೆ ಲಾಭ 13.20, ಸುಮಾರು 36 ಪಟ್ಟು. ಲಾಭ ಹತ್ತು ಪರ್ಸೆಂಟ್ ಏರಿದೆ, ಪಟ್ಟು ಅರ್ಧಕ್ಕೆ ಬಂದಿದೆ. ಹಾಗಾಗಿ ನೀನು ಕೇಳಿದ್ದಕ್ಕೆ ಉತ್ತರ "ಹೌದು, ಮೂಡ್." ಆದರೆ ಯಾವ ಮೂಡ್ ಅನ್ನೋದನ್ನು ನೋಡು. 36 ಪಟ್ಟು ಕೊಡುವವರು ಹೆದರಿದವರಲ್ಲ. ಹೆದರಿದ ಮಾರ್ಕೆಟ್ ಹೀಗಿರೋದಿಲ್ಲ. ಸೆಪ್ಟೆಂಬರ್‌ನಲ್ಲಿ ತಲೆಗೇರಿದ್ದ ಹುಮ್ಮಸ್ಸು ಈಗ ಇಳಿದಿದೆ, ಅಷ್ಟೆ. ಹೆದರಿಕೆ ಇನ್ನೂ ಶುರುವಾಗಿಲ್ಲ. ನಾಳೆ ಜನ 25 ಪಟ್ಟು ಸಾಕು ಅಂದರೆ ಇದೇ ಲಾಭಕ್ಕೆ ಈ ಶೇರು 330. ಆಗಲೂ ಕಂಪನಿಗೆ ಏನೂ ಆಗಿರೋದಿಲ್ಲ!

ನಮ್ಮ ಕಡೆ ವ್ಯಾಲ್ಯೂ (ಬೆಲೆಗಿಂತ ಅಗ್ಗಕ್ಕೆ ಕೊಳ್ಳೋದು) ಅಂತ ಹೇಳಿಕೊಳ್ಳುವ ಬಹಳ ಹುಡುಗರು ಜಾರೋದು ಇಲ್ಲೇ. ಶೇರು ಎಷ್ಟು ಇಳಿಯಿತು ಅಂತ ಮೇಲಿನ ದರದಿಂದ ಅಳೆಯುತ್ತಾರೆ. ಮೇಲಿನ ದರ ಯಾರು ಕೊಟ್ಟದ್ದು? ಅದೇ ಮಾರ್ಕೆಟ್, ಇನ್ನೊಂದು ಮೂಡಿನಲ್ಲಿದ್ದಾಗ ಕೊಟ್ಟದ್ದು. ಅದರ ಇಂದಿನ ಮಾತು ನಂಬಬೇಡ ಅಂದಮೇಲೆ ಆವತ್ತಿನ 840ನ್ನು ಯಾಕೆ ನಂಬಬೇಕು?

ಮೂಡ್ ಅಂದರೆ ಏನು ಅಂತ ನೋಡಬೇಕಾದರೆ 2024ರ ಜೂನ್ ಮೊದಲ ವಾರ ತೆಗೆದು ನೋಡು. ಎಕ್ಸಿಟ್ ಪೋಲ್ ಬಂತು, ಜೂನ್ 3ಕ್ಕೆ ಸೆನ್ಸೆಕ್ಸ್ ಎರಡೂವರೆ ಸಾವಿರ ಏರಿ 76,469. ಮರುದಿನ ಮತ ಎಣಿಕೆ, 4,390 ಅಂಕ ಬಿದ್ದು 72,079. ಶುಕ್ರವಾರ ಅಂದರೆ 7ನೇ ತಾರೀಕಿಗೆ 76,693. ಆ ವಾರದಲ್ಲಿ ಯಾವ ಫ್ಯಾಕ್ಟರಿಯೂ ಮುಚ್ಚಲಿಲ್ಲ, ಯಾವುದೂ ಹೊಸದಾಗಿ ಶುರುವಾಗಲಿಲ್ಲ. ಇದು ಅಪ್ಪಟ ಮೂಡ್. ಇಷ್ಟು ಸ್ವಚ್ಛವಾಗಿ ಸಿಗೋದು ಅಪರೂಪ. 2020ರ ಮಾರ್ಚ್ 23ರಂದು ಒಂದೇ ದಿನ 3,935 ಅಂಕ ಬಿದ್ದು 25,981ಕ್ಕೆ ಬಂದಾಗ ಹೀಗಿರಲಿಲ್ಲ. ಆಗ ಹೆದರಿಕೆಯೂ ಇತ್ತು, ತೊಂದರೆಯೂ ನಿಜವಾಗಿ ಇತ್ತು. ನಮ್ಮ ಪ್ರೆಸ್‌ಗೆ ಲಗ್ನದ ಸೀಜನ್ ಅಂದರೆ ಆಗಲೇ. ಮುದ್ರಿಸಿಟ್ಟ ಲಗ್ನಪತ್ರಿಕೆ ಒಯ್ಯಲು ಯಾರೂ ಬರಲಿಲ್ಲ. ಅಂಥ ದಿನದಲ್ಲಿ "ಇದು ಬರೀ ಮೂಡ್" ಅಂತ ಹೇಳುವವನಿಗೆ ಧೈರ್ಯಕ್ಕಿಂತ ಅಜ್ಞಾನ ಜಾಸ್ತಿ. ಕೇಳಬೇಕಾದದ್ದು ಬೇರೆ: ಈ ಕಂಪನಿ ಒಂದು ವರ್ಷ ಧಂಧೆ ಇಲ್ಲದೆ ಉಳಿಯುತ್ತದಾ? ಸಾಲ ಎಷ್ಟು, ಕೈಯಲ್ಲಿ ರೊಕ್ಕ ಎಷ್ಟು?

ಈಗ ಕಾಗದಕ್ಕೆ ಬರುತ್ತೇನೆ. ಇದು ನನ್ನ ಊಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ನಾನು ಕಾಗದ ಕೊಳ್ಳುವವನು. ಬಿಲ್‌ಬುಕ್, ಕ್ಯಾಲೆಂಡರ್, ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆಯ ನೋಟ್‌ಬುಕ್. 2022ರಲ್ಲಿ ಹುಬ್ಬಳ್ಳಿಯ ನಮ್ಮ ಕಾಗದದ ವ್ಯಾಪಾರಿಗೆ ಫೋನ್ ಮಾಡಿದರೆ "ಮಾಲು ಇಲ್ರೀ ಕಾಕಾ, ಮೊದಲು ರೊಕ್ಕ ಹಾಕ್ರಿ, ಬಂದಾಗ ಕಳಿಸ್ತೀನಿ" ಅನ್ನುತ್ತಿದ್ದ. ಮ್ಯಾಪ್ಲಿಥೋ (ಮುದ್ರಣದ ಕಾಗದ) ದರ ಇವತ್ತು ಹೇಳಿದ್ದು ನಾಳೆ ಇರುತ್ತಿರಲಿಲ್ಲ. ಗಿರಾಕಿಗೆ ಕೊಟೇಶನ್ ಕೊಡಲು ಕೈ ನಡುಗುತ್ತಿತ್ತು. ಕಾರಣ ಗೊತ್ತಿದ್ದದ್ದೇ. ಕೋವಿಡ್ ಮುಗಿದು ಶಾಲೆಗಳು ಒಟ್ಟಿಗೆ ತೆರೆದವು, ನೋಟ್‌ಬುಕ್ ಬೇಡಿಕೆ ಒಮ್ಮೆಲೇ ಬಂತು. ಹಡಗಿನ ಬಾಡಿಗೆ ವಿಪರೀತ ಏರಿದ್ದರಿಂದ ಹೊರಗಿನ ಕಾಗದ ಒಳಗೆ ಬರಲಿಲ್ಲ. ಮಿಲ್‌ಗಳು ಕೇಳಿದ ದರ ಸಿಕ್ಕಿತು. 2022-23ರಲ್ಲಿ ಕಾಗದದ ಕಂಪನಿಗಳು ಹಿಂದೆಂದೂ ಕಾಣದ ಲಾಭ ತೋರಿಸಿದವು.

ಆ ಲಾಭದ ಮೇಲೆ ಲೆಕ್ಕ ಹಾಕಿದರೆ ಪಿಇ 4, 5 ಬಂತು. "ಮಾರ್ಕೆಟ್‌ಗೆ ಕಣ್ಣಿಲ್ಲ, ಇಷ್ಟು ಅಗ್ಗ" ಅಂತ ಎಲ್ಲರೂ ಬರೆದರು. ಮಾರ್ಕೆಟ್ ಬೇಜಾರಿನಲ್ಲಿ ಇರಲಿಲ್ಲಪ್ಪ. ಈ ಲಾಭ ನಿಲ್ಲೋದಿಲ್ಲ ಅಂತ ಅದಕ್ಕೆ ಗೊತ್ತಿತ್ತು. ನನಗೂ ಗೊತ್ತಾಯಿತು, ಆದರೆ ಜಾಣತನದಿಂದ ಅಲ್ಲ. 2023ರ ಮಳೆಗಾಲದ ಹೊತ್ತಿಗೆ ಅದೇ ವ್ಯಾಪಾರಿ ತಾನೇ ಫೋನ್ ಮಾಡಿ "ಕಾಕಾ, ಎಷ್ಟು ರಿಮ್ ಕಳಿಸಲಿ? ರೊಕ್ಕ ನಿಧಾನಕ್ಕೆ ಕೊಡ್ರಿ" ಅನ್ನಲು ಶುರು ಮಾಡಿದ. ಗೋಡೌನ್‌ಗೆ ಹೋದರೆ ಬಂಡಲ್ ಮೇಲೆ ಬಂಡಲ್, ನಡೆಯಲು ಜಾಗ ಇಲ್ಲ. ಹಡಗಿನ ಬಾಡಿಗೆ ಇಳಿದಿತ್ತು, ಹೊರದೇಶದ ಅಗ್ಗದ ಕಾಗದ ಬಂದು ಬಿದ್ದಿತ್ತು. ಮೇಲೆ ಮಿಲ್‌ಗಳಿಗೆ ಕಟ್ಟಿಗೆ ದರ ಬೇರೆ ಏರಿತು. ಮಾಲಿನ ದರ ಇಳಿದು ಖರ್ಚು ಏರಿದರೆ ಲಾಭ ಎಲ್ಲಿ ಉಳಿಯುತ್ತದೆ?

ನಿನ್ನ ಒಗಟು ಈಗ ಬಿಡಿಸಿ ನೋಡು. 500 ರೂಪಾಯಿಗೆ ಪಿಇ 5 ಅಂದರೆ ಶೇರಿಗೆ 100 ರೂಪಾಯಿ ಲಾಭ. ಈಗ 350ಕ್ಕೆ ಪಿಇ 12 ಅಂದರೆ ಲಾಭ 29. ದರ ಇಳಿದದ್ದು 30 ಪರ್ಸೆಂಟ್, ಲಾಭ ಇಳಿದದ್ದು 70 ಪರ್ಸೆಂಟ್. ಅಂದರೆ ಇಲ್ಲಿ ಮಾರ್ಕೆಟ್ ನಿನಗಿಂತ ಮೊದಲೇ ಲೆಕ್ಕ ಮುಗಿಸಿತ್ತು.

ಕಾಗದ, ಸಕ್ಕರೆ, ಸಿಮೆಂಟ್, ಉಕ್ಕು, ಇಂಥ ಧಂಧೆಯಲ್ಲಿ ಪಿಇ ಅತಿ ಕಡಿಮೆ ಕಂಡಾಗ ಎಚ್ಚರ ಇರಬೇಕು. ಲಾಭ ತೀರಾ ಕುಸಿದು ಪಿಇ 40 ತೋರಿಸುವಾಗ ಸ್ವಲ್ಪ ಆಸೆಯಿಂದ ನೋಡಬೇಕು. ಅಂಗಡಿ ಲೆಕ್ಕಕ್ಕೆ ತಲೆಕೆಳಗು ಅನ್ನಿಸುತ್ತದೆ, ಆದರೆ ಹಾಗೇ ಇದೆ. ಹತ್ತು ವರ್ಷದ ಲಾಭ ಒಂದು ಕಡೆ ಬರೆದು, ಒಳ್ಳೆ ವರ್ಷ, ಕೆಟ್ಟ ವರ್ಷ ಎಲ್ಲಾ ಸೇರಿಸಿ ಸರಾಸರಿ ತೆಗಿ. ಆ ಸರಾಸರಿ 45 ಬಂದರೆ 350 ಅಂದರೆ ಎಂಟು ಪಟ್ಟಿನ ಒಳಗೆ. 25 ಬಂದರೆ 14 ಪಟ್ಟು. ಎರಡರಲ್ಲಿ ಯಾವುದು ಅಂತ ನಿನ್ನ ಕಂಪನಿಯ ಹಾಳೆ ತೆಗೆದರೆ ಮಾತ್ರ ಗೊತ್ತಾಗೋದು.

ಇನ್ನು ಗ್ರೂಪಿನ ವಿಷಯ. ಮೂಡ್ ಬದಲಾದಾಗ ಸುದ್ದಿ ಬದಲಾಗೋದಿಲ್ಲ, ಅದನ್ನು ಓದುವ ರೀತಿ ಬದಲಾಗುತ್ತದೆ. ಕಂಪನಿ ಹೊಸ ಪ್ಲಾಂಟ್ ಹಾಕುತ್ತದೆ ಅಂದುಕೋ. ಸೆಪ್ಟೆಂಬರ್‌ನಲ್ಲಿ ಅದಕ್ಕೆ "ಬೆಳವಣಿಗೆ" ಅಂದರು. ಫೆಬ್ರುವರಿಯಲ್ಲಿ ಅದೇ ಪ್ಲಾಂಟಿಗೆ "ಸಾಲ ಮಾಡಿಕೊಂಡಿದ್ದಾರೆ" ಅಂದರು. ಒಂದೇ ಸಂಗತಿಗೆ ಜನ ಎರಡು ಹೆಸರು ಇಟ್ಟದ್ದು ಕಂಡರೆ ಅಲ್ಲಿ ಮೂಡ್ ಇದೆ. ಸಂಗತಿಯೇ ಬದಲಾಗಿದ್ದರೆ, ಅಂದರೆ ಮಾರಾಟ ಕುಸಿದಿದ್ದರೆ, ಬಾಕಿ ವಸೂಲಿ ನಿಂತಿದ್ದರೆ, ಆಡಿಟರ್ ನಡುವೆಯೇ ಬಿಟ್ಟು ಹೋಗಿದ್ದರೆ, ಅದನ್ನು ಮೂಡ್ ಅನ್ನಬಾರದು.

ನಾನು ಏನು ಮಾಡುತ್ತೇನೆ ಅಂದರೆ, ಕೊಳ್ಳುವ ಮೊದಲೇ ಬರೆದಿಡುತ್ತೇನೆ. ಪ್ರೆಸ್‌ನಲ್ಲಿ ಕತ್ತರಿಸಿ ಉಳಿದ ಕಾಗದದ ಪ್ಯಾಡ್‌ಗೆ ಬರವಿಲ್ಲ. ಯಾಕೆ ಕೊಳ್ಳುತ್ತಿದ್ದೇನೆ, ಎಷ್ಟರ ಮೇಲೆ ಒಂದು ಪೈಸೆಯೂ ಕೊಡೋದಿಲ್ಲ, ಏನಾದರೆ ನನ್ನ ಲೆಕ್ಕ ತಪ್ಪು ಅಂತ ಒಪ್ಪಿಕೊಳ್ಳುತ್ತೇನೆ. ದರ ಬಿದ್ದ ದಿನ ಆ ಹಾಳೆ ತೆಗೆಯುತ್ತೇನೆ. ಅದರಲ್ಲಿ "ದರ ಬಿದ್ದರೆ ಮಾರು" ಅಂತ ಎಲ್ಲೂ ಬರೆದಿರೋದಿಲ್ಲ, ಅಲ್ವಾ?


ಕೇಶ್ವಾಪುರ ಟ್ರೇಡರ್, ಹುಬ್ಬಳ್ಳಿ

ಕಾಕಾ ಹೇಳಿದ ಕಾಗದದ ಕಥೆಗೆ ನಮಸ್ಕಾರ. ಆದರೆ ಎಲ್ಲರಿಗೂ ಗೋಡೌನ್ ನೋಡೋ ಭಾಗ್ಯ ಇರೋದಿಲ್ಲ. ನಿಫ್ಟಿ ಪಿಇ ನೋಡಿದರೆ ಸಾಕು ಅನ್ನುತ್ತೇನೆ. 20ರ ಕೆಳಗೆ ಕೊಳ್ಳು, 25ರ ಮೇಲೆ ಮಾರು. ಮೂಡ್ ಅಳೆಯೋಕೆ ಇಂಡಿಯಾ ವಿಕ್ಸ್ ಇದೆ.


ಪ್ರೆಸ್ ಕಾಕಾ, ಗದಗ

ನಿಫ್ಟಿ ಪಿಇಯ ಹಳೆಯ ಚಾರ್ಟ್ ಇಟ್ಟುಕೊಂಡಿದ್ದರೆ ಒಂದು ವಿಷಯ ಗಮನಿಸು. 2021ರ ಮಾರ್ಚ್ ಕೊನೆಯವರೆಗೆ ಎನ್‌ಎಸ್‌ಇ ಕಂಪನಿಗಳ ಸ್ಟ್ಯಾಂಡ್‌ಅಲೋನ್ ಲಾಭದ ಮೇಲೆ ಪಿಇ ಹಾಕುತ್ತಿತ್ತು. ಆಮೇಲೆ ಅಂಗಸಂಸ್ಥೆಗಳನ್ನೂ ಸೇರಿಸಿ ಕನ್ಸಾಲಿಡೇಟೆಡ್ ಲಾಭದ ಮೇಲೆ ಹಾಕಲು ಶುರು ಮಾಡಿತು. 40ರ ಸುತ್ತ ಇದ್ದ ಪಿಇ ಒಂದೇ ಸಲ 33ರ ಸುತ್ತ ಬಂತು. ಮಾರ್ಕೆಟ್ ಅಗ್ಗ ಆಗಿರಲಿಲ್ಲ, ಲೆಕ್ಕ ಬದಲಾಗಿತ್ತು. ಹಳೇ 20 ಬೇರೆ, ಇವತ್ತಿನ 20 ಬೇರೆ.

ವಿಕ್ಸ್ ಅಂದರೆ ಮುಂದಿನ ಮೂವತ್ತು ದಿನ ನಿಫ್ಟಿ ಎಷ್ಟು ಕುಣಿಯಬಹುದು ಅಂತ ಆಪ್ಷನ್ ದರದಿಂದ ತೆಗೆದ ಅಂದಾಜು. 2020ರ ಮಾರ್ಚ್‌ನಲ್ಲಿ 80 ದಾಟಿತ್ತು. ಹೆದರಿಕೆ ಎಷ್ಟಿದೆ ಅಂತ ತೋರಿಸುತ್ತದೆ, ಒಪ್ಪುತ್ತೇನೆ. ಆ ಪಂಪ್ ಕಂಪನಿಗೆ ಎಷ್ಟು ಕೊಡಬೇಕು ಅಂತ ಹೇಳುತ್ತದಾ?


ಮಾಳಮಡ್ಡಿ ಅಕ್ಕ, ಧಾರವಾಡ

ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದೆ, ಈಗ ರಿಟೈರ್ಡ್. ಕಾಕಾ ಕಂಪನಿಯ ಸಾಲ ನೋಡು ಅಂದರು. ನಿನ್ನ ಸಾಲವನ್ನೂ ನೋಡು ತಮ್ಮಾ.

ಮೂಡ್ ಕೆಟ್ಟ ದಿನ ಮಾರುವವರಲ್ಲಿ ಬಹಳ ಜನ ಮನಸ್ಸಿನಿಂದ ಮಾರೋದಿಲ್ಲ. ಎಂಟಿಎಫ್‌ನಲ್ಲಿ ಬ್ರೋಕರ್ ಸಾಲದಿಂದ ಕೊಂಡಿರುತ್ತಾರೆ. ದರ ಇಳಿಯುತ್ತದೆ, ಮಾರ್ಜಿನ್ (ಕೊಂಡವನ ಪಾಲಿನ ರೊಕ್ಕ) ತುಂಬಿ ಅಂತ ಮೆಸೇಜ್ ಬರುತ್ತದೆ, ತುಂಬದಿದ್ದರೆ ಬ್ರೋಕರೇ ಮಾರಿಬಿಡುತ್ತಾನೆ. ಪ್ರಮೋಟರ್‌ಗಳು (ಕಂಪನಿ ನಡೆಸುವ ಮಾಲೀಕರು) ಶೇರು ಅಡವಿಟ್ಟಿದ್ದರೂ ಹಾಗೇ. ಇನ್ನು ಕೆಲವರದು ಮಗಳ ಮದುವೆ, ಮನೆ ಸ್ಲ್ಯಾಬ್. ರೊಕ್ಕ ಬೇಕಾದ ವರ್ಷವೇ ಮಾರ್ಕೆಟ್ ಬಿದ್ದಿರುತ್ತದೆ. ಹಾಗಾಗಿ ಆರು ತಿಂಗಳ ಮನೆ ಖರ್ಚು ಎಫ್‌ಡಿಯಲ್ಲಿ ಇದೆಯಾ ಮೊದಲು ಹೇಳು. ಇಲ್ಲದಿದ್ದರೆ ಗ್ರೂಪಿನವರು ಎಫ್‌ಡಿ ಇಡು ಅಂದದ್ದು ತಪ್ಪು ಕಾರಣಕ್ಕೆ ಹೇಳಿದ ಸರಿ ಮಾತು.

ಒಂದು ಟ್ಯಾಕ್ಸ್ ಮಾತು. ಪಂಪ್ ಶೇರು ಕೊಂಡು ವರ್ಷ ಆಗಿಲ್ಲ. ಮಾರಿದರೆ ಶಾರ್ಟ್ ಟರ್ಮ್ ನಷ್ಟ. ಅದನ್ನು ಬೇರೆ ಶೇರಿನ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡೂ ಲಾಭದಲ್ಲಿ ಕಳೆಯಬಹುದು. ರಿಟರ್ನ್ ಸಮಯಕ್ಕೆ ಹಾಕಿದರೆ ಉಳಿದ ನಷ್ಟವನ್ನು ಎಂಟು ವರ್ಷ ಮುಂದೆ ಒಯ್ಯಬಹುದು. ಈ ವರ್ಷದ ಲೆಕ್ಕಕ್ಕೆ ಬೇಕಾದರೆ ಮಾರ್ಚ್ 31ರೊಳಗೆ. ಆದರೆ ಟ್ಯಾಕ್ಸ್ ಉಳಿಸಲೆಂದೇ ಒಳ್ಳೆ ಶೇರು ಮಾರುವವರನ್ನು ಕಂಡರೆ ನನಗೆ ನಗು ಬರುತ್ತದೆ.


ಬ್ಯಾಡಗಿ ದಲಾಲಿ ಅಂಗಡಿ

ಅಕ್ಕೋರು ಹೇಳಿದ್ದು ನಮ್ಮ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಸೋಮವಾರ, ಗುರುವಾರ ಟೆಂಡರ್ ದಿನ ಕಣ್ಣಿಗೆ ಕಾಣುತ್ತದೆ. ಆವಕ ಜಾಸ್ತಿ ಬಂದ ದಿನ ದರ ಬೀಳುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವ ತಾಕತ್ತಿದ್ದವರು ಚೀಲ ವಾಪಸ್ ಒಯ್ಯುತ್ತಾರೆ. ಬಳ್ಳಾರಿ, ರಾಯಚೂರು, ಆಂಧ್ರದಿಂದ ಲಾರಿ ಬಾಡಿಗೆ ಕೊಟ್ಟು ಬಂದ ರೈತ ಎಲ್ಲಿಗೆ ಒಯ್ಯಬೇಕು? 2024ರ ಮಾರ್ಚ್ 11ರಂದು ದರ ಬಿದ್ದು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ನಾವು ಇಲ್ಲೇ ಇದ್ದೆವು.

ಆದರೆ ಒಂದು ವ್ಯತ್ಯಾಸ. ಸ್ಟೋರೇಜ್‌ನಲ್ಲಿಟ್ಟ ಡಬ್ಬಿ (ಮೆಣಸಿನಕಾಯಿಯ ಒಂದು ತಳಿ) ಕಾಯಿಗೆ ಬಾಡಿಗೆ ಬೀಳುತ್ತದೆ, ದಿನ ಹೋದಂತೆ ಬಣ್ಣವೂ ಇಳಿಯುತ್ತದೆ. ಕಾಯುವವನಿಗೂ ಖರ್ಚಿದೆ. ಡಿಮ್ಯಾಟ್‌ನಲ್ಲಿಟ್ಟ ಶೇರಿಗೆ ಹಾಗಿಲ್ಲ ಅಂತ ಜನ ಆರಾಮಾಗಿ ಕಾಯುತ್ತಾರೆ. ಒಳಗೆ ಬಣ್ಣ ಇಳಿಯುತ್ತಿದ್ದರೂ ಗೊತ್ತಾಗೋದಿಲ್ಲ. 2008ರಲ್ಲಿ ನಮ್ಮ ಅಂಗಡಿ ಸಾಲಿನಲ್ಲಿ ಎಲ್ಲರ ಬಾಯಲ್ಲಿ ಇನ್‌ಫ್ರಾ, ರಿಯಲ್ ಎಸ್ಟೇಟ್ ಶೇರು. ಸೆನ್ಸೆಕ್ಸ್ 21 ಸಾವಿರದಿಂದ 2009ರ ಮಾರ್ಚ್‌ಗೆ 8 ಸಾವಿರದ ಚಿಲ್ಲರೆಗೆ ಬಂತು, 2010ರ ದೀಪಾವಳಿಗೆ ಮತ್ತೆ 21 ಸಾವಿರ. ಆ ಶೇರುಗಳಲ್ಲಿ ಹಲವು ಇವತ್ತಿಗೂ ಆ ದರ ಕಂಡಿಲ್ಲ. "ಮೂಡ್ ಸರಿ ಹೋದರೆ ಬರುತ್ತದೆ" ಅಂತ ಕೂತವರು ಕೂತೇ ಇದ್ದಾರೆ.


ಗುತ್ತಲದ ಹುಡುಗ, ಹಾವೇರಿ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಎಫ್‌ಡಿ ಇದೆ, ಸಾಲ ಇಲ್ಲ. ಕಾಕಾ, ಕಾಗದದ ಕಂಪನಿಯ ಹತ್ತು ವರ್ಷದ ಲಾಭ ಇವತ್ತು ರಾತ್ರಿ ತೆಗೆಯುತ್ತೇನೆ. ಪಂಪ್ ಮಾತ್ರ ತಿಳಿಯುತ್ತಿಲ್ಲ. ಮಾರಲಾ, ಇಡಲಾ? 330 ಆಗುತ್ತದೆ ಅಂತೀರಾ?


ಪ್ರೆಸ್ ಕಾಕಾ, ಗದಗ

330 ಆಗುತ್ತದೆ ಅಂತ ನಾನು ಹೇಳಲಿಲ್ಲ. ಆಗಲೂಬಹುದು, ಹಾಗಾದರೆ ತಡೆದುಕೊಳ್ಳುತ್ತೀಯಾ ಅಂತ ಕೇಳುತ್ತಿದ್ದೇನೆ. 620ಕ್ಕೆ ಕೊಂಡದ್ದನ್ನು ಮರೆತುಬಿಡು. ಈ ಶೇರು ನಿನ್ನ ಹತ್ತಿರ ಇಲ್ಲ, ಕೈಯಲ್ಲಿ 480 ರೂಪಾಯಿ ಇದೆ ಅಂದುಕೋ. ಇವತ್ತು ಕೊಳ್ಳುತ್ತೀಯಾ? 36 ಪಟ್ಟು ಕೊಡಬೇಕಾದರೆ ಲಾಭ ವರ್ಷಕ್ಕೆ ಹತ್ತು ಪರ್ಸೆಂಟ್ ಬೆಳೆದರೆ ಸಾಲದು. ಹಾಗೆ ಬೆಳೆದರೆ ಐದು ವರ್ಷಕ್ಕೆ 13.20 ಹೋಗಿ 21 ಆಗುತ್ತದೆ. ಆಗ ಜನ 25 ಪಟ್ಟು ಕೊಟ್ಟರೆ 530. ಐದು ವರ್ಷ ಕಾದು 50 ರೂಪಾಯಿ. ಎಫ್‌ಡಿಯೇ ಮೇಲು. ಇಪ್ಪತ್ತು ಪರ್ಸೆಂಟ್ ಬೆಳೆದರೆ 33 ರೂಪಾಯಿ ಹತ್ತಿರ ಲಾಭ, ಅದೇ 25 ಪಟ್ಟಿಗೆ 820. ಎರಡರಲ್ಲಿ ಯಾವುದು ಆಗುತ್ತದೆ ಅನ್ನೋದು ಮಾರ್ಕೆಟ್ ಮೂಡಿನ ಮೇಲಿಲ್ಲ, ಪಂಪ್ ಮಾರಾಟದ ಮೇಲಿದೆ.

ಆರ್ಡರ್ ತುಂಬಾ ಇದೆ ಅಂದೆಯಲ್ಲ, ಅದರಲ್ಲಿ ಸರ್ಕಾರಿ ಯೋಜನೆಯ ಸೋಲಾರ್ ಪಂಪ್ ಎಷ್ಟು ಅಂತ ನೋಡು. ಸರ್ಕಾರಿ ಕೆಲಸ ಮಾಡಿದ ಪ್ರೆಸ್‌ನವರನ್ನು ಕೇಳು, ಬಿಲ್ ಕೊಟ್ಟದ್ದು ಯಾವಾಗ, ರೊಕ್ಕ ಬಂದದ್ದು ಯಾವಾಗ ಅಂತ. ಲಾಭ 10 ಪರ್ಸೆಂಟ್ ಏರಿ, ಬರಬೇಕಾದ ಬಾಕಿ 40 ಪರ್ಸೆಂಟ್ ಏರಿದ್ದರೆ ಆ ಲಾಭ ಇನ್ನೂ ಕಾಗದದ ಮೇಲಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಟ್ರೇಡ್ ರಿಸೀವಬಲ್ಸ್ (ಬರಬೇಕಾದ ಬಾಕಿ) ಅಂತ ಒಂದು ಸಾಲು, ಕ್ಯಾಶ್ ಫ್ಲೋದಲ್ಲಿ ಆಪರೇಟಿಂಗ್ (ವ್ಯಾಪಾರದಿಂದ ಕೈಗೆ ಬಂದ ರೊಕ್ಕ) ಅಂತ ಮೊದಲ ಭಾಗ. ಈ ಎರಡನ್ನು ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡು.


ಗುತ್ತಲದ ಹುಡುಗ, ಹಾವೇರಿ

ಡಿಸೆಂಬರ್ ರಿಸಲ್ಟ್ ತೆಗೆದೆ. ಅದರಲ್ಲಿ ಬ್ಯಾಲೆನ್ಸ್ ಶೀಟೇ ಇಲ್ಲ!


ಮಾಳಮಡ್ಡಿ ಅಕ್ಕ, ಧಾರವಾಡ

ಇರೋದಿಲ್ಲ. ಬ್ಯಾಲೆನ್ಸ್ ಶೀಟ್, ಕ್ಯಾಶ್ ಫ್ಲೋ ವರ್ಷಕ್ಕೆ ಎರಡೇ ಸಲ, ಸೆಪ್ಟೆಂಬರ್ ಮತ್ತು ಮಾರ್ಚ್ ರಿಸಲ್ಟ್ ಜೊತೆ ಬರುತ್ತವೆ. ಸೆಪ್ಟೆಂಬರ್‌ದು ಬಿಎಸ್‌ಇ ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಸಿಗುತ್ತದೆ. ಮಾರ್ಚ್‌ದು ವರ್ಷ ಮುಗಿದ ಅರವತ್ತು ದಿನದೊಳಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಬರಬೇಕು. ಸ್ಟ್ಯಾಂಡ್‌ಅಲೋನ್ ಬಿಟ್ಟು ಕನ್ಸಾಲಿಡೇಟೆಡ್ ತೆಗಿ. ಬಾಕಿಯ ಸಂಖ್ಯೆ ಸಿಕ್ಕಮೇಲೆ ಇಲ್ಲೇ ಹಾಕು, ನಾನೂ ನೋಡುತ್ತೇನೆ.